ಹೊರಗಿನವಳು, ಒಳಗಿನವಳು ಮತ್ತು ಸಾನಪಾಡಾದ ಬೀಗತಿ

ಒಂದು ಪಟ್ಟಿ ಒಬ್ಬರ ಬಾಯಿಂದ ಇನ್ನೊಬ್ಬರ ಕೈಗೆ ಹೋಗುವಷ್ಟರಲ್ಲಿ ಏನಾದರೂ ಒಂದು ಆಗಿಯೇ ತೀರುತ್ತದೆ. ನಮ್ಮ ಮನೆಯಲ್ಲಂತೂ ವಾರಕ್ಕೊಂದು. ಮನುಷ್ಯರು ಮಾಡಿದರೆ ಮರೆವು ಅನ್ನಬಹುದು. ಮಷೀನು ಮಾಡಿದರೆ ಯಾರನ್ನು ಬೈಯುವುದು? ನಾನು ಸೊಸೆಯ ತಾಯಿಯನ್ನು ಬೈದೆ.

ನಾನು ಸಾಲಿಯ ಕಟ್ಟೆ ಹತ್ತಿದವಳಲ್ಲ. ಇದನ್ನು ನಾನು ಹೇಳುತ್ತ ಹೋಗಿದ್ದೇನೆ, ಸೊಸೆ ಬರೆಯುತ್ತ ಹೋಗಿದ್ದಾಳೆ. ತನ್ನ ತವರಿನ ಮಾತು ಬಂದಲ್ಲೆಲ್ಲ ಅವಳ ಬೆರಳುಗಳು ನಿಧಾನವಾಗುತ್ತವೆ. "ನಿಲ್ಲಬ್ಯಾಡ, ಹೆಂಗ ಹೇಳೀನಿ ಹಂಗ ಬರಿ" ಅಂತ ಅಂದಿದ್ದೇನೆ. ಇದನ್ನೂ ಬರೆದಿರಬೇಕು.

೧. ಇಡೀ ಠಾಣೆಗೆ ಐದು ರೊಟ್ಟಿ

ನನ್ನದು ಡೊಂಬಿವಲಿಯಲ್ಲಿ ಜೋಳದ ರೊಟ್ಟಿ ಬಡಿಯುವ ಕೆಲಸ. ಒಂದು ಡಬ್ಬಿಯೊಳಗೆ ಐದು ರೊಟ್ಟಿ, ಒಂದು ಪಲ್ಯ, ಒಂದು ಚಮಚೆ ಶೇಂಗಾ ಹಿಂಡಿ. ವಿಜಾಪುರದ ಕಡೆಯ ಊಟ ಸಿಗದೆ ಒದ್ದಾಡುವ ಏಳು ಮನೆಯವರು ಡಬ್ಬಿ ಹಚ್ಚಿದ್ದರು. ಯಾರ ಹೆಸರನ್ನೂ ನಾನು ಬರೆದಿಟ್ಟವಳಲ್ಲ. ಪಟ್ಟಿ ತಲೆಯೊಳಗೆ ಲೋಕಲ್ ಗಾಡಿಯ ಹಾಗೆ ಓಡುತ್ತಿತ್ತು. ಕಲ್ಯಾಣದಲ್ಲಿ ಮಾಸ್ತರ ಹೆಂಡತಿ, ಠಾಣೆಯಲ್ಲಿ ರೈಲ್ವೆಯಿಂದ ನಿವೃತ್ತರಾದವರು, ಅಲ್ಲಿ ಗಾಡಿ ಬದಲಿಸಿದರೆ ವಾಶಿಯ ಎರಡು ಮನೆ, ಜುಯಿನಗರ, ನೇರುಳ, ಕಡೆಗೆ ಖಾರಘರ. ಡಬ್ಬಿಗೆ ಬಣ್ಣದ ದಾರ ಕಟ್ಟಿದರೆ ಗುರುತು ಆಯಿತು. ಕಲ್ಯಾಣ, ಠಾಣೆಯ ಡಬ್ಬಿ ನಮ್ಮ ಮನೆಯವರು ಮುಟ್ಟಿಸುತ್ತಿದ್ದರು. ಕಾರ್ಖಾನೆ ಬಿಟ್ಟ ಮೇಲೂ ಅವರು ರೈಲಿನ ಪಾಸು ಬಿಟ್ಟಿರಲಿಲ್ಲ.

ಆಮೇಲೆ ಮಗನ ಮದುವೆಯಾಯಿತು. ಹುಡುಗಿ ಕರಾವಳಿಯ ಹೋಟೆಲಿನವರ ಮಗಳು, ಹುಟ್ಟಿ ಬೆಳೆದದ್ದು ಸಾನಪಾಡಾದಲ್ಲಿ, ಕಂಪ್ಯೂಟರಿನ ಕೆಲಸ. ಒಳ್ಳೆಯ ಹುಡುಗಿ. ತಪ್ಪೆಲ್ಲ ಅವಳ ತಾಯಿಯದು. ಮೊದಲ ಸಲ ಬೀಗರ ಮನೆಯಲ್ಲಿ ಊಟಕ್ಕೆ ಕೂತಾಗ ಆ ಹೆಣ್ಣುಮಗಳು ಪತ್ರೊಡೆ ಬಡಿಸಿದಳು. ನನ್ನ ಕೈಯ ರೊಟ್ಟಿ ಎರಡಕ್ಕೇ ಸಾಕು ಅನ್ನುವ ನನ್ನ ಮಗ ಪತ್ರೊಡೆಯನ್ನು ನಾಲ್ಕು ಸಲ ಹಾಕಿಸಿಕೊಂಡ. ಅವತ್ತಿನಿಂದ ನಮ್ಮ ಮನೆಯಲ್ಲಿ ಒಲೆ ಹೊತ್ತಿಸಲು ಕಡ್ಡಿಪೆಟ್ಟಿಗೆ ಬೇಕಾಗಲಿಲ್ಲ.

ಸೊಸೆ ಬಂದ ತಿಂಗಳಲ್ಲೇ ನನ್ನ ಬಣ್ಣದ ದಾರ ನೋಡಿದಳು. "ಅತ್ತೆ, ಇದಕ್ಕೆ ಕಂಪ್ಯೂಟರಿನಲ್ಲಿ ಎರಡು ಸಣ್ಣ ಸ್ಕ್ರಿಪ್ಟ್ ಬರೆದುಕೊಡ್ತೇನೆ. ಹೆಸರಿನ ಚೀಟಿ ಅದೇ ಮಾಡ್ತದೆ. ನೀವು ಅಂಟಿಸಿದರೆ ಆಯ್ತು."

"ಎರಡ್ಯಾಕ? ಒಂದು ಸಾಲದೇನು?"

"ಒಂದು ನೀವು ಹೇಳಿದ ಪಟ್ಟಿ ಇಟ್ಟುಕೊಳ್ತದೆ. ಅದು ಇನ್ನೊಂದನ್ನು ಹೆಸರು ಹಿಡಿದು ಕರೆದು, ಆ ಹೆಸರಿನ ಬೆನ್ನಿಗೇ ಪಟ್ಟಿಯನ್ನು ಒಂದೇ ಸಾಲಿನಲ್ಲಿ ಹೇಳ್ತದೆ. ಇನ್ನೊಂದು ಕೇಳಿಸಿಕೊಂಡು ಚೀಟಿ ಬರೀತದೆ."

ನನಗೆ ತಿಳಿಯಿತು. ಮದುವೆ ಮನೆಯಲ್ಲಿ ಯಾರು ಬಂದರು ಅಂತ ಬಾಗಿಲಲ್ಲಿ ನಿಂತು ಕೂಗುವವಳು ಒಬ್ಬಳು, ಒಳಗೆ ಎಲೆ ಹಾಕುವವಳು ಒಬ್ಬಳು. ಕೂಗುವವಳಿಗೆ ಹೊರಗಿನವಳು, ಬರೆಯುವವಳಿಗೆ ಒಳಗಿನವಳು ಅಂತ ಹೆಸರಿಟ್ಟೆ. ಮನೆಗೆ ಒಂದೇ ದಿನ ಇಬ್ಬರು ಸವತಿಯರು ಬಂದ ಹಾಗಾಯಿತು. ಮೊದಲೆಲ್ಲ ಬಂದವರು "ಅಜ್ಜಿ ತಲಿಯೊಳಗ ಎಷ್ಟ ಹೆಸರು ಅದಾವ ನೋಡ್ರಿ" ಅನ್ನುತ್ತಿದ್ದರು. ಈಗ ಬಂದವರು ಕರಿ ಪರದೆಯ ಮೇಲೆ ಓಡುವ ಬಿಳಿ ಅಕ್ಷರ ನೋಡುತ್ತ ನಿಲ್ಲುತ್ತಿದ್ದರು. ನಾನು ಕೊಟ್ಟ ಚಹಾ ಆರುತ್ತಿತ್ತು.

ಮೊದಲ ದಿನ ಹದಿನಾಲ್ಕು ಚೀಟಿ ಬಂದವು. ನನಗೆ ಓದಲು ಬರುವುದಿಲ್ಲ, ಎಣಿಸಲು ಬರುತ್ತದೆ. ಗಿರಾಕಿಗಳು ಏಳು ಇದ್ದದ್ದು ಸೊಸೆಯ ಕಂಪ್ಯೂಟರಿನಿಂದ ಹದಿನಾಲ್ಕು ಆಗಿದ್ದಾರೆ ಅಂದುಕೊಂಡೆ. ಸೊಸೆ ಸ್ನಾನಕ್ಕೆ ಹೋದದ್ದೇ ತಡ, ಸಾನಪಾಡಾಕ್ಕೆ ಫೋನು ಹಚ್ಚಿದೆ. "ಬೀಗರ, ನಮಗ ಈಗ ಹದಿನಾಕ ಮನಿ ಆಗ್ಯಾವ ನೋಡ್ರಿ. ಕೈ ಸಾಲವಲ್ದು."

"ಹೌದಾ ಅಕ್ಕ? ದೇವರು ಒಳ್ಳೇದು ಮಾಡಲಿ" ಅಂದಳು ಬೀಗತಿ. ಅವಳ ಈ ಒಳ್ಳೆಯತನವೇ ನನಗೆ ಆಗಿಬರುವುದಿಲ್ಲ.

ಎಪ್ಪತ್ತು ರೊಟ್ಟಿ ಬಡಿದೆ. ಸೊಸೆ ಗಾಡಿ ತಪ್ಪುತ್ತದೆ ಅಂತ ವಾಶಿಯಿಂದಾಚೆ ನವಿ ಮುಂಬೈಯ ಚೀಲ ಎತ್ತಿಕೊಂಡು ಒಳಗೆ ನೋಡದೆ ಓಡಿದಳು. ಮಧ್ಯಾಹ್ನ ನಮ್ಮ ಮನೆಯವರು ಬೆವರು ಒರೆಸಿಕೊಳ್ಳುತ್ತ ಬಂದರು. ಕೈಯಲ್ಲಿ ಒಂದು ತುಂಬಿದ ಡಬ್ಬಿ ಇತ್ತು.

"ಇದನ್ಯಾಕ ತಿರುಗಿ ತಂದ್ರಿ?"

"ಇದರ ಮ್ಯಾಲ ಬರೇ ಠಾಣೆ ಅಂತ ಬರದದ. ಇಡೀ ಠಾಣೆಗೆ ಐದ ರೊಟ್ಟಿ ಹೆಂಗ ಹಂಚಲಿ?"

ಸಂಜೆ ಸೊಸೆ ಬಂದು ನೋಡಿ ಹಣೆ ಬಡಿದುಕೊಂಡಳು. ಸಾಲಿನಲ್ಲಿ ಎಲ್ಲಿ ತೆರಪು ಕಂಡರೂ ಒಳಗಿನವಳು ಅಲ್ಲಿಗೆ ಒಬ್ಬರು ಮುಗಿದರು ಅಂದುಕೊಳ್ಳುತ್ತಾಳಂತೆ. "ಠಾಣೆ ರೈಲ್ವೆಯವರು" ಅಂದರೆ ಅವಳ ಲೆಕ್ಕಕ್ಕೆ ಇಬ್ಬರು. ಹೆಸರಿನ ಆ ತುದಿಗೊಂದು ಈ ತುದಿಗೊಂದು ಕೊಕ್ಕೆ ಹಾಕಿ, ಇದೆಲ್ಲ ಸೇರಿ ಒಬ್ಬರೇ ಅಂತ ತೋರಿಸಬೇಕಂತೆ.

"ಅಂದ್ರ ಅಕ್ಕಿ, ಬ್ಯಾಳಿ ಬ್ಯಾರೆ ಬ್ಯಾರೆ ಗಂಟು ಕಟ್ಟಿದಂಗ" ಅಂದೆ.

"ಹಾಂ ಅತ್ತೆ, ಅದೇ. ನಾನು ಗಂಟು ಕಟ್ಟುವುದು ಮರೆತೆ."

ಅವಳು ತಪ್ಪು ಒಪ್ಪಿಕೊಂಡದ್ದಕ್ಕೆ ನನ್ನ ಕೈನೋವು ಅರ್ಧ ಇಳಿಯಿತು. ಅಷ್ಟರಲ್ಲಿ ಕಲ್ಯಾಣದಿಂದ ಫೋನು ಬಂತು, ಮಾಸ್ತರ ಹೆಂಡತಿ. ಅವರ ಮನೆಗೆ ಹೋದದ್ದೂ ಎರಡು ಡಬ್ಬಿ, ಒಂದರ ಮೇಲೆ "ಮಾಸ್ತರ" ಅಂತ, ಇನ್ನೊಂದರ ಮೇಲೆ "ಹೆಂಡತಿ" ಅಂತ. ಬೈಸಿಕೊಳ್ಳಲು ತಯಾರಾಗಿ ಹಲೋ ಅಂದೆ. ಆಕೆ ದನಿ ಸಣ್ಣದು ಮಾಡಿ ಕೇಳಿದಳು: "ಅಜ್ಜಿ, ನಾವಿಬ್ಬರು ಎಂಟ ದಿನದಿಂದ ಮಾತು ಬಿಟ್ಟು ಬ್ಯಾರೆ ಬ್ಯಾರೆ ಕೂತು ಉಣ್ಣಾಕತ್ತೀವಿ ಅಂತ ನಿಮಗ ಯಾರ ಹೇಳಿದ್ರು?"

೨. ಮೊದಲ ಚೀಟಿ

ಸೊಸೆ ಕೊಕ್ಕೆ ಹಾಕಿದಳು. ಹಾಕುವಾಗ ಒಳಗಿನವಳಲ್ಲಿ ಇನ್ನೇನನ್ನೋ ತಿದ್ದಿದಳು. ಮರುದಿನದಿಂದ ಏಳು ಬರಬೇಕಾದ ಚೀಟಿ ಎಂಟು ಬರತೊಡಗಿದವು.

ಏಳು ಕನ್ನಡ ಅಕ್ಷರದವು. ಎಲ್ಲಕ್ಕಿಂತ ಮೇಲಿನದು, ಮೊದಲನೆಯದು, ಇಂಗ್ಲಿಷ್ ಅಕ್ಷರದ್ದು. ಓದಲು ಬಾರದಿದ್ದರೂ ಅಷ್ಟು ಗುರುತು ಸಿಗುತ್ತದೆ. ಯಾರಿವರು, ಪಟ್ಟಿಯ ತಲೆಯ ಮೇಲೆ ಕೂತವರು? ಹಿಟ್ಟು ನಾದುತ್ತ ವಿಚಾರ ಮಾಡಿದೆ. ವಾಶಿಯಿಂದ ಖಾರಘರದ ತನಕದ ಐದೂ ಮನೆಯ ಡಬ್ಬಿಯನ್ನು ಸೊಸೆ ಸಾನಪಾಡಾದ ತನ್ನ ತವರುಮನೆಯಲ್ಲಿ ಇಟ್ಟು ಆಫೀಸಿಗೆ ಹೋಗುತ್ತಿದ್ದಳು. ಮನೆ ಸ್ಟೇಷನ್ನಿಗೆ ಹತ್ತಿರ, ನವಿ ಮುಂಬೈಯವರು ಬಂದು ಅಲ್ಲಿಂದ ಒಯ್ಯುತ್ತಿದ್ದರು. ಅಂದಮೇಲೆ ಇನ್ನೇನು ಬೇಕು? ಈ ಹುಡುಗಿ ನನ್ನ ಕಣ್ಣು ತಪ್ಪಿಸಿ ದಿನಾ ತನ್ನ ಅವ್ವನಿಗೆ ಒಂದು ಡಬ್ಬಿ ಸಾಗಿಸುತ್ತಿದ್ದಾಳೆ, ನನಗೆ ಓದಲು ಬಾರದಿರಲಿ ಅಂತ ಇಂಗ್ಲಿಷಿನಲ್ಲಿ ಬೇರೆ.

ಕೇಳಬಹುದಿತ್ತು. ಕೇಳಿದರೆ ಅತ್ತೆಗೆ ಹೊಟ್ಟೆಕಿಚ್ಚು ಅನ್ನುತ್ತಾಳೆ. ಹೊಟ್ಟೆಕಿಚ್ಚು ಇಲ್ಲದವರು ಆ ಮಾತು ಕೇಳಿ ನಕ್ಕುಬಿಡಬಹುದು, ಇದ್ದವರಿಗೆ ಕಷ್ಟ. ಅದಕ್ಕೆ ಬಾಯಿ ಮುಚ್ಚಿಕೊಂಡು ಕೈಯಿಂದ ಮಾತಾಡಿದೆ. ಎಂಟನೆಯ ಡಬ್ಬಿಗೆ ಮುರಿದ ರೊಟ್ಟಿ, ಅಂಚು ಕರಕಾದದ್ದು, ಹಿಂಡಿಯ ತಳದಲ್ಲಿ ಕೂತ ಬರೀ ಖಾರ.

ಸಂಜೆ ಆ ಡಬ್ಬಿ ತಿರುಗಿ ಬಂತು, ಒಳಗೆ ಪತ್ರೊಡೆ. ಮರುದಿನ ಮುರಿದ ರೊಟ್ಟಿ ಹೋಯಿತು, ಗೋಳಿಬಜೆ ಬಂತು. ಆಮೇಲೆ ಬನ್ಸು. ನಮ್ಮ ಮನೆಯವರು ಸಂಜೆ ಆಯಿತೆಂದರೆ ಬಾಗಿಲ ಕಡೆ ನೋಡತೊಡಗಿದರು. ಸೊಸೆಯ ಚಪ್ಪಲಿ ಸದ್ದಿಗೆ ಎದ್ದು ಹೋಗಿ ಚೀಲ ಇಸಿದುಕೊಳ್ಳುತ್ತಿದ್ದರು. ಮೂವತ್ತೈದು ವರ್ಷ ನನ್ನ ಕೈಚೀಲ ಇಸಿದುಕೊಂಡವರಲ್ಲ. ನಾನು ಇನ್ನಷ್ಟು ಮುರಿದು ಹಾಕಿದೆ.

ಹನ್ನೆರಡು ದಿನ ಹೀಗೆ ನಡೆಯಿತು. ಒಂದು ರವಿವಾರ ಸೊಸೆ ಡಬ್ಬಿಗಳನ್ನು ಜೋಡಿಸುತ್ತ ಕೇಳಿದಳು: "ಅತ್ತೆ, ಇದು ಯಾರ ಡಬ್ಬಿ?"

"ನಿಮ್ಮ ಅವ್ವನ ಡಬ್ಬಿ ಯಾರದು ಅಂತ ನನ್ನ ಕೇಳ್ತಿಯೇನು?"

ಅವಳು ಚೀಟಿ ಓದಿದಳು, ನನ್ನ ಮುಖ ನೋಡಿದಳು, ನೆಲಕ್ಕೆ ಕೂತು ನಗತೊಡಗಿದಳು. ಆ ಹೆಸರು ಯಾರದೂ ಅಲ್ಲ, ಒಳಗಿನವಳದೇ. ಹೊರಗಿನವಳು ಕರೆಯುವಾಗ ಸಾಲಿನ ತಲೆಗೆ ಅವಳ ಹೆಸರೇ ಇರುತ್ತದಲ್ಲ. ಒಳಗಿನವಳು ಅಲ್ಲಿಂದಲೇ ಎಣಿಸಿಕೊಂಡು ಬಂದಿದ್ದಾಳೆ.

"ಅಂದ್ರ ಉಣ್ಣೋ ಮಂದಿ ಎಣಿಸೋವಾಗ ತನ್ನನ್ನೂ ಎಣಿಸಿಕೊಂಡಾಳ?"

"ಹೌದು. ಎರಡನೇದರಿಂದ ಎಣಿಸು ಅಂತ ನಾನು ಹೇಳಬೇಕಿತ್ತು."

"ಹೇಳಬ್ಯಾಡ. ನಾವು ಹೆಣಮಕ್ಕಳು ನಮ್ಮನ್ನ ಬಿಟ್ಟು ಉಳಿದವರನ್ನೆಲ್ಲ ಎಣಿಸ್ತೀವಿ. ಆಕಿ ಶಾಣ್ಯಾಕಿ ಅದಾಳ."

ಅಲ್ಲಿ ಸಾನಪಾಡಾದಲ್ಲಿ ಯಾರೂ ಒಯ್ಯದೆ ಉಳಿದ ಡಬ್ಬಿಯನ್ನು ಬೀಗತಿ ತನಗೇ ಬಂದದ್ದು ಅಂದುಕೊಂಡಿದ್ದಳು. ಖಾಲಿ ಡಬ್ಬಿ ತಿರುಗಿಸಬಾರದು ಅಂತ ದಿನಾ ಏನಾದರೂ ತುಂಬಿ ಕಳಿಸಿದ್ದಳು. ಸೊಸೆ ಎಣಿಕೆ ತಿದ್ದಿ, ಇನ್ನು ಡಬ್ಬಿ ಬರುವುದಿಲ್ಲ ಅಂತ ಹೇಳಿದ್ದಕ್ಕೆ ಬೀಗತಿ ನನಗೇ ಫೋನು ಮಾಡಿದಳು. "ಅಕ್ಕ, ಬೇಜಾರಿಲ್ಲ ಮಾರಾಯ್ರೆ, ಇಷ್ಟು ದಿನ ಕಳಿಸಿದ್ದೇ ದೊಡ್ಡದು. ನನ್ನ ಹಲ್ಲುನೋವು ನೆನಪಿಟ್ಟು ರೊಟ್ಟಿಯನ್ನು ಮುರಿದು ಮುರಿದು ಕಳಿಸಿದಿರಲ್ಲ, ನನ್ನ ಹೆತ್ತಮ್ಮ ಕೂಡ ಇಷ್ಟು ಮಾಡಿದವಳಲ್ಲ."

ಫೋನಿನ ದನಿ ದೊಡ್ಡದು. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ ನನ್ನನ್ನು ನೋಡಿದರು. ಪುಟ ತಿರುವಿದರು.

೩. ಖಾಲಿ ಪಟ್ಟಿ

ಇದು ಸಣ್ಣದು. ಗಣಪತಿ ಹಬ್ಬಕ್ಕೆ ಏಳೂ ಮನೆಯವರು ಊರಿಗೆ ಹೋಗಿದ್ದರು. ಪಟ್ಟಿಯಲ್ಲಿ ಯಾರೂ ಇಲ್ಲ. ಸೊಸೆ ರೂಢಿಯಂತೆ ಮುಂಜಾನೆ ಕಂಪ್ಯೂಟರು ಹಚ್ಚಿದಳು. ಹೊರಗಿನವಳು ಒಳಗಿನವಳನ್ನು ಹೆಸರು ಹಿಡಿದು ಕೂಗಿದಳು, ಕೂಗಿ ಸುಮ್ಮನಾದಳು. ಮುಂದೆ ಹೇಳಲು ಹೆಸರೇ ಇಲ್ಲವಲ್ಲ. ಆಗ ಒಂದು ಮೊಳ ಉದ್ದದ ಚೀಟಿ ಬಂತು.

"ಏನಂತಾಳ?" ಅಂದೆ.

ಸೊಸೆ ಓದಿದಳು: "ಹೆಸರು ಕೊಡಬೇಕು. ಒಂದರ ಪಕ್ಕ ಒಂದು ಕೊಡಬೇಕು. ಕೊಕ್ಕೆ ಹಾಕಿ ಕೊಡಬೇಕು. ಪಟ್ಟಿ ಖಾಲಿ ಬಂದರೆ ಹೀಗೆ ಹೇಳು ಅಂತ ನಾನೇ ಬರೆದದ್ದು ಅತ್ತೆ."

"ಅಂದ್ರ ಕೆಲಸ ಇದ್ದಾಗ ತುಟಿ ಬಿಚ್ಚಂಗಿಲ್ಲ. ಇಲ್ಲದಾಗ ನಮಗ ಬುದ್ಧಿ ಹೇಳ್ತಾಳ."

"ಹೂಂ, ಹಾಗೇ."

ಅಡಿಗೆಮನೆಯ ಬಾಗಿಲಲ್ಲಿ ನಮ್ಮ ಮನೆಯವರು ಚಹಾದ ಲೋಟ ಹಿಡಿದು ನಿಂತಿದ್ದರು. ಹಿಟ್ಟಿನ ಡಬ್ಬಿ ಎಲ್ಲಿಡಬೇಕು, ಎಣ್ಣೆಯ ಡಬ್ಬಿ ಎಲ್ಲಿಡಬೇಕು ಅಂತ ಅರ್ಧ ತಾಸಿನಿಂದ ನನಗೆ ಹೇಳುತ್ತಿದ್ದರು. ಅವತ್ತು ಒಳಗಿನವಳ ಮೇಲಿನ ನನ್ನ ಸಿಟ್ಟು ಇಳಿಯಿತು. ಅಂಥದ್ದೊಂದರ ಜೊತೆ ಸಂಸಾರ ಮಾಡಿ ರೂಢಿಯಾದವಳು ನಾನು.

೪. ಶಾಲು

ಡೊಂಬಿವಲಿಯಲ್ಲಿ ಕನ್ನಡದವರ ಮಂಡಳಿ ಒಂದಿತ್ತು. ಒಂದು ವರ್ಷ ಅವರು ಅಡಿಗೆಯ ಪಂದ್ಯ ಇಟ್ಟರು. ಗೆದ್ದವರಿಗೆ ವೇದಿಕೆಯ ಮೇಲೆ ಶಾಲು ಹೊದಿಸುವುದು. ನನಗೆ ಜನ್ಮದಲ್ಲಿ ಯಾರೂ ಶಾಲು ಹೊದಿಸಿಲ್ಲ. ಬೀಗತಿಗೆ ಎರಡು ಸಲ ಆಗಿತ್ತು, ಎರಡೂ ಫೋಟೋ ಅವರ ಮನೆಯ ಗೋಡೆಯ ಮೇಲೆ ಟೀವಿಯ ಎರಡು ಬದಿಗೆ ಇವೆ. ಟೀವಿ ನೋಡಿದರೆ ಅವನ್ನೂ ನೋಡಲೇಬೇಕು.

ಪಂದ್ಯಕ್ಕೆ ನಿಂತವರು ಐದು ಮಂದಿ. ಕಲ್ಯಾಣದ ಮಾಸ್ತರ ಹೆಂಡತಿ ಜುಣಕ. ಠಾಣೆಯ ರೈಲ್ವೆಯವರು ಒಗ್ಗರಣೆ ಅವಲಕ್ಕಿ. ನಾನು ಶೇಂಗಾ ಹೋಳಿಗೆ. ಬೀಗತಿ ಪತ್ರೊಡೆ, ಮತ್ತಿನ್ನೇನು. ಖಾರಘರದ ಕಾಲೇಜು ಹುಡುಗಿ ಒಬ್ಬಳು ಕೇಕು. ಪಾತ್ರೆಗಳ ಮುಂದೆ ಇಡುವ ಚೀಟಿ ಮಾಡಿಕೊಡುವ ಕೆಲಸ ಮಂಡಳಿಯವರು ನಮ್ಮ ಸೊಸೆಗೆ ಒಪ್ಪಿಸಿದರು. ಈ ಸಲ ಪಟ್ಟಿ ಎರಡು: ಹೆಸರಿನದೊಂದು, ತಿನಿಸಿನದೊಂದು. ಒಳಗಿನವಳು ಇದರ ಮೊದಲನೆಯದಕ್ಕೆ ಅದರ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಅಂತ ಜೋಡಿ ಹಚ್ಚಿಕೊಂಡು ಹೋಗಬೇಕು.

ಪಟ್ಟಿ ಹೇಳುವವಳು ನಾನು. ಗಾಡಿಯ ದಾರಿ ಹಿಡಿದರೆ ಡೊಂಬಿವಲಿಯ ನಾನು ಠಾಣೆಗಿಂತ ಮೊದಲು ಬರಬೇಕು. ನಾನು ನನ್ನನ್ನು ಕೆಳಗೆ ಇಳಿಸಿ, ಬೀಗತಿಗಿಂತ ಒಂದೇ ಒಂದು ಮೆಟ್ಟಿಲು ಮುಂದೆ ಇಟ್ಟುಕೊಂಡೆ. ತೀರ್ಪಿನವರು ನನ್ನ ಹೋಳಿಗೆ ತುಪ್ಪ ಹಚ್ಚಿ ತಿಂದ ಮೇಲೆ ಪತ್ರೊಡೆಗೆ ಹೊಟ್ಟೆಯಲ್ಲಿ ಜಾಗ ಎಲ್ಲಿ ಉಳಿಯುತ್ತದೆ?

ಮಂಡಳಿಯವರಿಗೆ "ಠಾಣೆ ರೈಲ್ವೆಯವರು" ಅಂದರೆ ನಡೆಯುವುದಿಲ್ಲ, ಖರೆ ಹೆಸರೇ ಬೇಕು. ಅಲ್ಲೊಂದು ತೊಡಕು. ಆ ರೈಲ್ವೆಯವರದು ನಮ್ಮ ಮನೆಯವರದೇ ಹೆಸರು. ಗಂಡನ ಹೆಸರನ್ನು ನಾನು ಬಾಯಿಂದ ಆಡಿದವಳಲ್ಲ. ಮನೆಯಲ್ಲಿ ಎಂದಾದರೂ ಆ ಹೆಸರು ಬಂದಾಗ ಕುರ್ಚಿಯಲ್ಲಿ ಕೂತ ನಮ್ಮ ಮನೆಯವರ ಕಡೆ ಕೈ ಮಾಡುತ್ತಿದ್ದೆ, ಸೊಸೆ ತಿಳಿದುಕೊಂಡು ಬರೆಯುತ್ತಿದ್ದಳು. ಆದರೆ ಅವತ್ತು ಅವಳಿಗೆ ಆಫೀಸು. "ಅತ್ತೆ, ನನ್ನ ಹಳೇ ಮೊಬೈಲಿನಲ್ಲಿ ಹೇಳಿಡಿ, ನಾನು ಬಂದು ಕೇಳಿ ಹಾಕ್ತೇನೆ" ಅಂತ ಗುಂಡಿ ತೋರಿಸಿ ಹೋಗಿದ್ದಳು.

ಗುಂಡಿ ಒತ್ತಿ ಹೇಳಿದೆ. ಮಾಸ್ತರ ಹೆಂಡತಿಯ ಹೆಸರು ಹೇಳಿದೆ. ಎರಡನೆಯದಕ್ಕೆ ನಮ್ಮ ಮನೆಯವರ ಕಡೆ ಕೈ ಮಾಡಿದೆ. ಆಮೇಲೆ ನನ್ನ ಹೆಸರು, ಬೀಗತಿಯ ಹೆಸರು, ಕಾಲೇಜು ಹುಡುಗಿಯ ಹೆಸರು. ಆಮೇಲೆ ಐದೂ ತಿನಿಸು. ಚೆನ್ನಾಗಿ ಹೇಳಿದೆ ಅಂತ ನನಗೇ ಅನ್ನಿಸಿತು.

ಸೊಸೆ ಸಂಜೆ ಅವಸರದಲ್ಲಿ ಕೇಳಿ ಹಾಕಿದಳು. ಪಂದ್ಯದ ದಿನ ಚೀಟಿಗಳನ್ನು ತೆಗೆದುಕೊಂಡು ಹೋಗಿ ಸಾಲಾಗಿ ಇಟ್ಟವಳು ನಾನೇ. ನಾಲ್ಕೇ ಇದ್ದವು, ಕೇಕಿಗೆ ಉಳಿಯಲಿಲ್ಲ. ಒಳಗಿನವಳಿಗೂ ಕೇಕು ಸೇರುವುದಿಲ್ಲ ಅಂದುಕೊಂಡೆ.

ತೀರ್ಪಿನವರು ರುಚಿ ನೋಡಿದರು. ನನ್ನ ಹೋಳಿಗೆಯ ಮುಂದೆ ಎರಡನೆಯ ಸಲ ಬಂದು ನಿಂತರು. ಅದನ್ನು ನಾನು ಕಣ್ಣಾರೆ ನೋಡಿದೆ. ನೋಡಿ ಸೆರಗು ಸರಿ ಮಾಡಿಕೊಂಡೆ. ಮಂಡಳಿಯ ಹುಡುಗ ಮೈಕು ಹಿಡಿದ. "ಮೊದಲ ಸ್ಥಾನ ಶೇಂಗಾ ಹೋಳಿಗೆಗೆ" ಅಂದ. ನಾನು ಎದ್ದೆ. ಅವನು ಬೀಗತಿಯ ಹೆಸರು ಹೇಳಿದ.

ನಾನು ನಿಂತಲ್ಲೇ ನಿಂತೆ. ಪಕ್ಕದ ಕುರ್ಚಿಯಲ್ಲಿ ಬೀಗತಿ ನನಗಿಂತ ಗಾಬರಿಯಾಗಿದ್ದಳು. "ಎಂತದು ಮಾರಾಯ್ರೆ, ನನಗೆ ಹೋಳಿಗೆ ಲಟ್ಟಿಸಲಿಕ್ಕೇ ಬರುವುದಿಲ್ಲ" ಅಂದಳು. ನಾನು ಮೆಟ್ಟಿಲು ಹತ್ತಿ ಹೋಗಿ ಅದು ನನ್ನದು ಅಂದೆ.

"ಅಜ್ಜಿ, ನಿಮ್ಮದು ಅವಲಕ್ಕಿ ಅಂತ ಇದೆಯಲ್ಲ" ಅಂದ ಹುಡುಗ. ಆ ಅವಲಕ್ಕಿ ಎಂಥದಿತ್ತೆಂದರೆ ತೀರ್ಪಿನವರೊಬ್ಬರು ಇನ್ನೂ ಅಗಿಯುತ್ತಿದ್ದರು.

ಆಗ ಸೊಸೆ ಹಿಂದಿನ ಸಾಲಿನಿಂದ ಬಂದಳು. ನಾಲ್ಕು ಚೀಟಿ, ಐದು ಪಾತ್ರೆ ನೋಡಿದಳು. "ತಿನಿಸು ಐದು, ಹೆಸರು ನಾಲ್ಕೇ ಹೋಗಿದೆ. ನಡುವೆ ಒಂದು ಬಿಟ್ಟದ್ದಕ್ಕೆ ಮುಂದಿನವರೆಲ್ಲ ಒಂದೊಂದು ಹಿಂದೆ ಜಾರಿದ್ದಾರೆ" ಅಂದಳು.

"ಹಾಗಾದರೆ ಬಿಟ್ಟುಹೋದ ಹೆಸರು ಯಾವುದು ಅಂತ ಅಜ್ಜಿ ಹೇಳಲಿ, ಶಾಲು ಅಜ್ಜಿಗೇ ಹೊದಿಸೋಣ" ಅಂದರು ತೀರ್ಪಿನವರು. ಹುಡುಗ ಮೈಕನ್ನು ನನ್ನ ಬಾಯಿಗೆ ಹಿಡಿದ.

ಠಾಣೆಯವರು ಮೊಣಕಾಲು ನೋವು ಅಂತ ಪಾತ್ರೆಯನ್ನಷ್ಟೇ ಕಳಿಸಿದ್ದರು, ತಾವು ಬಂದಿರಲಿಲ್ಲ. ಸಭೆಯ ತುಂಬ ಜನ. ಶಾಲು ಒಂದು ಗೇಣು ದೂರದಲ್ಲಿ ತಟ್ಟೆಯಲ್ಲಿತ್ತು. ಮುಂದಿನ ಸಾಲಿನಲ್ಲಿ ನಮ್ಮ ಮನೆಯವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಒಡಪು ಕಟ್ಟಿ ಅದರೊಳಗೆ ಹೆಸರು ಹೇಳೋಣ ಅಂತ ನೋಡಿದೆ. ಎರಡು ಸಾಲು ಬಂದವು, ಹೆಸರು ಬರುವ ಸಾಲು ಬರಲಿಲ್ಲ. ಕೈ ತಾನಾಗಿ ಎದ್ದು ಅವರ ಕಡೆ ಹೋಯಿತು.

ಮೈಕಿನ ಹುಡುಗ ಕೇಳಿದ: "ಅಡಿಗೆ ಇವರು ಮಾಡಿದ್ರಾ?"

ನಮ್ಮ ಮನೆಯವರು ಅಲ್ಲ ಅಂತ ತಲೆ ಆಡಿಸಿದರು. ಅಷ್ಟೇ, ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಅವರಿಗೆ ಮಜಾ ಬರುತ್ತಿತ್ತು. ಸೊಸೆಗೆ ಎಲ್ಲ ತಿಳಿದಿತ್ತು. ಆದರೆ ಮಾವನ ಹೆಸರನ್ನು ಮಂದಿಯ ಎದುರು ಆಡಬಾರದು ಅಂತ ಅವಳಿಗೆ ಕಲಿಸಿದವಳು ನಾನೇ. ತುಟಿ ಕಚ್ಚಿಕೊಂಡು ನಿಂತಳು.

ಆಗ ಬೀಗತಿ ಎದ್ದಳು. ಸೆರಗು ಹೊದ್ದು ವೇದಿಕೆಗೆ ಬಂದು ಮೈಕು ಇಸಿದುಕೊಂಡಳು. "ಬಿಟ್ಟುಹೋದದ್ದು ಠಾಣೆಯವರದ್ದು. ಅವರಿಗೂ ನಮ್ಮ ಬೀಗರಿಗೂ ಒಂದೇ ಹೆಸರು" ಅಂದು ಆ ಹೆಸರು ಹೇಳಿಯೇಬಿಟ್ಟಳು. ಒಂದು ಸಲ ಸಾಲದು ಅಂತ ಎರಡು ಸಲ. ಎರಡನೆಯ ಸಲ ಗೌರವಕ್ಕೆ "ಅವರು" ಅಂತ ಕೊನೆಗೆ ಹಚ್ಚಿ, ಮೆಲ್ಲಗೆ, ಚೆಂದವಾಗಿ. "ಹೋಳಿಗೆ ನಮ್ಮ ಅಕ್ಕನದೇ, ಶಾಲು ಅವರದೇ" ಅಂದು ತಾನೇ ತಟ್ಟೆಯಿಂದ ಎತ್ತಿ ನನಗೆ ಹೊದಿಸಿದಳು.

ಜನ ಚಪ್ಪಾಳೆ ತಟ್ಟಿದರು. ಫೋಟೋ ತೆಗೆದರು. ನಾನು ಬೀಗತಿಯ ಕೈ ಹಿಡಿದುಕೊಂಡೆ, ಕಣ್ಣಲ್ಲಿ ನೀರೂ ಬಂತು. ಈ ಹೆಣ್ಣುಮಗಳ ಬಗ್ಗೆ ಇನ್ನು ಒಂದು ಮಾತೂ ಆಡಬಾರದು, ಒಂದು ಕೆಟ್ಟ ವಿಚಾರವನ್ನೂ ಮಾಡಬಾರದು ಅಂತ ಅಲ್ಲೇ ಆಣೆ ಮಾಡಿಕೊಂಡೆ.

ಆಣೆ ನಮ್ಮ ಮನೆಯ ಮೂರನೆಯ ಮಾಳಿಗೆ ಹತ್ತುವ ತನಕ ಉಳಿಯಿತು. ಮೆಟ್ಟಿಲ ಮೇಲೆ ದಮ್ಮು ತೆಗೆದುಕೊಳ್ಳಲು ನಿಂತಾಗ ನಮ್ಮ ಮನೆಯವರು ಗೋಡೆ ನೋಡುತ್ತ, ತಮ್ಮಷ್ಟಕ್ಕೆ ತಾವು ಅನ್ನುವಂತೆ ಅಂದರು: "ಏನ ಅನ್ನು, ಬೀಗರ ಬಾಯಾಗ ನನ್ನ ಹೆಸರು ಛಂದ ಕೇಳಸ್ತದ."

ನಾನು ಶಾಲು ಮಡಚಿ ಟ್ರಂಕಿನಲ್ಲಿಟ್ಟೆ. ಮರುದಿನ ಮುಂಜಾನೆ ಅವರ ತಾಟು ಮುಂದಿಟ್ಟೆ. ಅವರು ತಾಟು ನೋಡಿದರು. ರೊಟ್ಟಿ ನಾಲ್ಕು ತುಂಡಾಗಿ ಮುರಿದಿತ್ತು, ಅಂಚು ಕರಕಾಗಿತ್ತು, ಬದಿಗೆ ಹಿಂಡಿಯ ತಳದ ಖಾರ ಇತ್ತು. ಆಮೇಲೆ ನನ್ನನ್ನು ನೋಡಿದರು.

"ಚೀಟಿ ಮತ್ತ ಜಾರಿದಂಗ ಕಾಣ್ತದ" ಅಂದರು. "ಸಾನಪಾಡಾದ ಡಬ್ಬಿ ನನಗ ಬಂದದ."